ಬರಿಗಾಲ ರೈಲಿಗೆ ಕಾದಿರುವ ಸರಿಂತೆನ್

ಬೆಳಗಿನ ನಮಾಜಿನ ಕರೆ ಮುಗಿದು ತುಸು ಹೊತ್ತಾಗಿದೆ. ಸಿಂದೊರೊ ಬೆಟ್ಟದಿಂದ ಇಳಿದು ಬಂದ ಮಂಜು ಸೆಗಾರಾ ಮೇಗಾ ಪಾರ್ಕಿನ ಗೇಟು, ಟಿಕೆಟ್ ಕಿಂಡಿ, ಮರದ ಕುದುರೆಗಳ ತಿರುಗಣಿ ಎಲ್ಲವನ್ನೂ ನುಂಗಿ ಸುಮ್ಮನೆ ಕೂತಿದೆ. ಹೊಸ ರೋಲರ್ ಕೋಸ್ಟರಿನ ನೀಲಿ ಕಂಬಗಳು ಅರ್ಧ ಮಾತ್ರ ಕಾಣುತ್ತವೆ. ಅದರ ಮೇಲೆ ಹಳಿ ಎಲ್ಲಿ ಹತ್ತಿತು, ಎಲ್ಲಿ ಹೊರಳಿತು ಎಂಬುದು ಆ ಮಂಜಿಗೇ ಗೊತ್ತು. ಕಂಬಗಳ ನಡುವಿನ ಹಸಿ ಹುಲ್ಲಿನ ಮೇಲೆ ಕುಳ್ಳಗಿನ ಹೆಂಗಸೊಬ್ಬರು ಕುಕ್ಕರಗಾಲಲ್ಲಿ ಕೂತು ಚಪ್ಪಲಿ ಜೋಡಿಸುತ್ತಿದ್ದಾರೆ.

ಒಂದು ಸಾಲಿಗೆ ನಾಲ್ಕು ಜೊತೆ. ಸಾಲು ತುಂಬಿದರೆ ಒಂದು ಗೇಣು ಬಿಟ್ಟು ಇನ್ನೊಂದು ಸಾಲು. ಸವೆದ ಹವಾಯಿ ಚಪ್ಪಲಿ, ಮಣಿ ಹೊಲಿದ ಮದುವೆ ಚಪ್ಪಲಿ, ಹೆಬ್ಬೆರಳಿನಷ್ಟೇ ಇರುವ ಕೂಸಿನ ಚಪ್ಪಲಿ, ಒಂದು ಜೊತೆ ಪೊಲೀಸಿನವರ ಬೂಟು. ಎಲ್ಲವೂ ವರ್ಷಗಳಿಂದ ಯಾರೂ ಕೇಳಿಕೊಂಡು ಬಾರದೆ ಉಳಿದವು. ಎಂಟು ಸಾಲಾದ ಮೇಲೆ ಎದ್ದು, ಸೊಂಟದ ಮೇಲೆ ಕೈಯಿಟ್ಟು, ಒಮ್ಮೆ ಉದ್ದಕ್ಕೂ ನೋಡುತ್ತಾರೆ. ಐದನೇ ಸಾಲು ಸೊಟ್ಟಗಿದೆ. ಕಾಲಿನಿಂದಲೇ ನೇರ ಮಾಡುತ್ತಾರೆ.

ಅಷ್ಟರಲ್ಲಿ ತಲೆಯ ಮೇಲೆ ಗುಂಯ್ ಎಂದು ಸದ್ದು. ಮಂಜಿನೊಳಗಿಂದ ಒಂದು ರೈಲು ಹೊರಬಿದ್ದು, ಅವರ ಮೇಲಿಂದ ಹಾದು, ಮತ್ತೆ ಮಂಜಿನೊಳಕ್ಕೆ ಹೋಗುತ್ತದೆ. ಅದರಲ್ಲಿ ಕೂತಿರುವವರು ಮನುಷ್ಯರಲ್ಲ, ನೀರು ತುಂಬಿದ ಹಳದಿ ಗೊಂಬೆಗಳು. ಜನ ಹತ್ತುವ ಮೊದಲು ಭಾರ ನೋಡುವುದಕ್ಕೆ ಕೂರಿಸಿದ್ದಾರೆ.

"ಅಕ್ಕಾ!" ಮೇಲಿನ ಅಟ್ಟಣೆಯಿಂದ ಮೆಕ್ಯಾನಿಕ್ ತುಗಿರಾನ್ ಕೂಗುತ್ತಾನೆ. "ನನ್ ಗೊಂಬೆಗಳಿಗೆ ಕಾಲೇ ಇಲ್ವಲ್ಲಕ್ಕ! ಯಾರಿಗೆ ಈ ಚಪ್ಪಲಿ ಮೆರವಣಿಗೆ?"

"ಅವಕ್ಕೆ ತಲೇನೂ ಇಲ್ಲ. ಅದಕ್ಕೇ ನಿನ್ ಜೊತೆ ಚೆನ್ನಾಗಿ ಹೊಂದ್ಕೊಂಡಿವೆ. ಕೆಲಸ ನೋಡು ಹೋಗು!"

ತುಗಿರಾನ್ ನಗುತ್ತಾ ಲವಂಗದ ಸಿಗರೇಟು ಹಚ್ಚುತ್ತಾನೆ. ಕೆಳಗೆ ಸರಿಂತೆನ್ ಅಷ್ಟೂ ಚಪ್ಪಲಿಗಳನ್ನು ಗೋಣಿಚೀಲಕ್ಕೆ ಸುರಿದು, ಮತ್ತೆ ಮೊದಲಿನಿಂದ ಜೋಡಿಸಲು ಕೂರುತ್ತಾರೆ.

ಐವತ್ತು ದಾಟಿದ ಸರಿಂತೆನ್ ಈ ಪಾರ್ಕಿನಲ್ಲಿ ಚಪ್ಪಲಿ ಕಾಯುವವರು. ಹೀಗೆಂದರೆ ಕೇಳಿದವರಿಗೆ ನಗು ಬರಬಹುದು. ಪಾರ್ಕಿನ ಹಳೆಯ ಪುಟ್ಟ ಕೋಸ್ಟರಿಗೆ ನಾಗಾ ಎಂದು ಹೆಸರು. ಹಸಿರು ಬಣ್ಣದ ಹಾವಿನ ಮೋರೆ ಅದಕ್ಕೆ. ನಾಗಾ ಕೊಳದ ಮೇಲಿಂದ ಹೋಗುತ್ತದೆ. ಮೊದಲ ವರ್ಷಗಳಲ್ಲಿ ಜನ ಚಪ್ಪಲಿ ಹಾಕಿಕೊಂಡೇ ಹತ್ತುತ್ತಿದ್ದರು, ತಿರುವಿನಲ್ಲಿ ಒಂದೊಂದೇ ಹಾರಿ ಕೊಳಕ್ಕೆ ಬೀಳುತ್ತಿತ್ತು. ಆಗ ಕಸ ಗುಡಿಸುತ್ತಿದ್ದ ಸರಿಂತೆನ್ ಬಿದಿರಿನ ಕೊಕ್ಕೆಯಿಂದ ಎಳೆದು ತೆಗೆದು ಕೊಡುತ್ತಿದ್ದರು. ಒಂದು ದಿನ ಯಾರದೋ ಮರದ ಹಿಮ್ಮಡಿಯ ಚಪ್ಪಲಿ ಸೀದಾ ಟಿಕೆಟ್ ಹರಿಯುವವನ ತಲೆಗೇ ಬಡಿಯಿತು. ಅಂದಿನಿಂದ ಬರಿಗಾಲಲ್ಲೇ ಹತ್ತಬೇಕೆಂದು ನಿಯಮವಾಯಿತು, ಬಿಟ್ಟ ಚಪ್ಪಲಿಗೆ ಸರಿಂತೆನ್ ಕಾವಲಾದರು.

ಚೀಟಿ ಕೊಡುವುದು, ಬಿಲ್ಲೆ ಕಟ್ಟುವುದು ಯಾವುದೂ ಅವರ ಹತ್ತಿರ ಇಲ್ಲ. ಜನ ಸೀಟಿನಲ್ಲಿ ಕೂತ ಮೇಲೆ ಸಾಲಿನಿಂದ ಸಾಲಿಗೆ ಹೋಗಿ ಚಪ್ಪಲಿ ಎತ್ತಿಕೊಳ್ಳುತ್ತಾರೆ. ಇಳಿಯುವ ಕಡೆ ಹಾಸಿದ ಬಿದಿರು ಚಾಪೆಯ ಮೇಲೆ, ಯಾರು ಯಾವ ಸೀಟಿನಲ್ಲಿ ಕೂತರೋ ಅದೇ ಕ್ರಮದಲ್ಲಿ ಇಡುತ್ತಾರೆ. ಮುಂದಿನ ಸೀಟಿನವರದು ಮುಂದೆ, ಹಿಂದಿನವರದು ಹಿಂದೆ. ಮೇಲೆ ಬರಿಗಾಲಿನ ರೈಲೊಂದು ಕಿರುಚುತ್ತಾ ಓಡುವಾಗ ಕೆಳಗೆ ಚಾಪೆಯ ಮೇಲೆ ಚಪ್ಪಲಿಗಳದೇ ಒಂದು ರೈಲು ಸದ್ದಿಲ್ಲದೆ ನಿಂತಿರುತ್ತದೆ. ಇಳಿದವರು ಒಬ್ಬರನ್ನೊಬ್ಬರು ಮುಟ್ಟದೆ ತಮ್ಮ ತಮ್ಮದಕ್ಕೆ ಕಾಲು ತೂರಿಸಿ ಹೊರಡುತ್ತಾರೆ. ರಂಜಾನ್ ಹಬ್ಬದ ವಾರದಲ್ಲಿ ದಿನಕ್ಕೆ ಎರಡು ಸಾವಿರ ಜೊತೆಯಾದರೂ ಅವರ ಕೈ ಹಾಯುತ್ತವೆ. ಮಾಮೂಲಿ ದಿನ ಮುನ್ನೂರು ನಾನೂರು ಇರಬಹುದು. ಸಂಜೆ ಕೈ ಮೂಸಿ ನೋಡಿದರೆ ಇಡೀ ಜಿಲ್ಲೆಯ ಮಣ್ಣಿನ ವಾಸನೆ ಬರುತ್ತದಂತೆ.

"ಮುಖ ನಾನ್ ನೋಡೋದೇ ಇಲ್ಲ," ಎನ್ನುತ್ತಾರೆ ಸರಿಂತೆನ್. "ಹತ್ತೋವಾಗ ಎಲ್ರ ಮುಖಾನೂ ಹೆದ್ರಿ ಒಂದೇ ತರ ಆಗಿರತ್ತೆ. ಕಾಲು ಹಂಗಲ್ಲ. ಹೊಗೆಸೊಪ್ಪಿನ ತೋಟದ ಕಾಲು, ಆಲೂಗಡ್ಡೆ ಗದ್ದೆ ಕಾಲು, ಆಫೀಸಿನ ಕಾಲು. ಹೊಸ ಮದುಮಗಳ ಕಾಲು ನೋಡ್ಬೇಕು, ಉಗುರಿಗೆಲ್ಲ ಗೋರಂಟಿ ಹಚ್ಕೊಂಡು ನಾಚ್ಕೊಂಡು ಕೂತಿರತ್ತೆ."

ಚಪ್ಪಲಿ ಅವರ ಪಾಲಿಗೆ ಹುಟ್ಟಿನಿಂದಲೇ ಬಂದದ್ದು. ಬೆಟ್ಟದ ಆಚೆ ಬದಿಯ ಒಂದು ದರ್ಗಾದ ಮೆಟ್ಟಿಲ ಬುಡದಲ್ಲಿ ಅವರ ತಾಯಿ ಯಾತ್ರಿಕರ ಚಪ್ಪಲಿ ಕಾಯುತ್ತಿದ್ದರು. ಮಗು ಸರಿಂತೆನ್ ಅಲ್ಲೇ ಚಪ್ಪಲಿಗಳ ನಡುವೆ ಅಂಬೆಗಾಲಿಟ್ಟು, ಅಲ್ಲೇ ನಿದ್ದೆ ಹೋಗಿ ಬೆಳೆದವರು. ಮದುವೆಯಾಗಿ ಈ ಕಡೆ ಬಂದರು. ಗಂಡ ತಾಳೆ ತೋಟದ ಕೆಲಸಕ್ಕೆಂದು ಸಮುದ್ರದಾಚೆಯ ಕಾಲಿಮಂತಾನಿಗೆ ಹಡಗು ಹತ್ತಿದ, ಮೊದಮೊದಲು ಸುದ್ದಿ ಬರುತ್ತಿತ್ತು, ಆಮೇಲೆ ಅದೂ ನಿಂತಿತು. ಮಗಳನ್ನು ಸಾಕಿ ಮದುವೆ ಮಾಡಿದ್ದು ಈ ಕೊಳದ ದಂಡೆಯ ದುಡಿಮೆಯಲ್ಲೇ. ಇದನ್ನೆಲ್ಲ ಹೇಳುವಾಗ ಅವರ ದನಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಗಂಡನ ಮಾತು ಬಂದಾಗ ಮಾತ್ರ, "ಮನೇಲಿದ್ದ ಇನ್ನೊಂದು ಜೊತೆ ಚಪ್ಪಲೀನೂ ತಗೊಂಡೇ ಹೋದ, ಅದಕ್ಕೇ ಬರಲ್ಲ ಅಂತ ನಂಗೆ ಅವತ್ತೇ ಗೊತ್ತಾಯ್ತು," ಎಂದು ನಕ್ಕುಬಿಡುತ್ತಾರೆ. ಆ ನಗು ಕೇಳಿದವರಿಗೆ ಅಷ್ಟು ಸುಲಭಕ್ಕೆ ನಗಲಾಗುವುದಿಲ್ಲ.

ಅವರಿಗೆ ಇಷ್ಟವಾದದ್ದು ಚಪ್ಪಲಿಗಿಂತ ಹೆಚ್ಚಾಗಿ ಆ ಜಾಗ. ಹಳಿಯ ಕೆಳಗಿನ ಜಾಗ. ರೈಲು ಹೋದ ಮೇಲೆ ಕಂಬಗಳು ಸ್ವಲ್ಪ ಹೊತ್ತು ಸಣ್ಣಗೆ ಗುನುಗುತ್ತವೆ. ಆ ಗುನುಗು ನೆಲದೊಳಗೆ ಇಳಿದು ಅಂಗಾಲಿಗೆ ತಾಗುತ್ತದೆ. ಮೇಲಿನಿಂದ ಜನರ ಕೂಗು ಎಲೆ ಉದುರಿದ ಹಾಗೆ ಉದುರುತ್ತದೆ. ಊಟದ ಹೊತ್ತಿಗೆ ಎಳೆ ಹಲಸಿನಕಾಯಿ ಕೊಚ್ಚಿ ಕಲಸಿದ ಮೆಗೊನೊ ಅನ್ನ, ಹಿಟ್ಟಿನಲ್ಲಿ ಅದ್ದಿ ಕರಿದ ಸೋಯಾ ಕಾಳಿನ ಟೆಂಪೆ ಮುಂದಿಟ್ಟುಕೊಂಡು ಅಲ್ಲೇ ಕೂತರೆ, ಅದು ಎಚ್ಚರವೋ ಕನಸೋ ಎಂದು ಅವರಿಗೇ ತಿಳಿಯುವುದಿಲ್ಲವಂತೆ. ನಿದ್ದೆಯಲ್ಲೂ ಅವರಿಗೆ ಬೀಳುವುದು ಪಾದಗಳ ಕನಸು. ಮೋಡದ ಮೇಲೆ ಸಾಲಾಗಿ ನಡೆದು ಹೋಗುವ ಬರಿಪಾದಗಳು, ಅವುಗಳ ಹಿಂದೆ ಚಪ್ಪಲಿ ಎತ್ತಿಕೊಂಡು ಓಡುವ ತಾವು.

ಈ ವರ್ಷ ಊರಿಗೆ ಊರೇ ಹೊಸ ಕೋಸ್ಟರಿನ ಗುಂಗಿನಲ್ಲಿದೆ. ಅದಕ್ಕೆ ಲೆಸುಸ್ ಎಂದು ಹೆಸರಿಟ್ಟಿದ್ದಾರೆ, ಎಂದರೆ ಸುಂಟರಗಾಳಿ. ಕಂಬಗಳನ್ನು ಹೊತ್ತ ಲಾರಿಗಳು ಘಾಟಿ ಹತ್ತಿ ಬಂದಾಗ ಶಾಲೆಯ ಮಕ್ಕಳೆಲ್ಲ ರಸ್ತೆಗೆ ಬಂದು ಕೈಬೀಸಿದ್ದರು. ಚಹಾದಂಗಡಿಯಲ್ಲಿ ಬೇರೆ ಮಾತೇ ಇಲ್ಲ. ಅದಕ್ಕೆ ನೆಲವೇ ಇಲ್ಲವಂತೆ, ಕಾಲು ಗಾಳಿಯಲ್ಲಿ ತೂಗಾಡುತ್ತವಂತೆ, ತಲೆಕೆಳಗಾಗಿ ಬೆಟ್ಟವನ್ನೇ ನೋಡಬಹುದಂತೆ. ಇಡೀ ಊರಿನಲ್ಲಿ ಆ ಮಾತು ಬಂದಾಗ ಎದ್ದು ಹೊರಡುತ್ತಿದ್ದವರು ಸರಿಂತೆನ್ ಒಬ್ಬರೇ. ಏಕೆಂದರೆ ಲೆಸುಸ್ ಶುರುವಾದ ದಿನ ನಾಗಾ ನಿಲ್ಲುತ್ತದೆ. ಲೆಸುಸ್‌ನ ಹತ್ತುವ ಕಟ್ಟೆಯ ಮೇಲೆ ಬೀಗವಿರುವ ಲಾಕರುಗಳು ಬಂದು ಕೂತಿವೆ. ಸಾಮಾನು, ಚಪ್ಪಲಿ ಎಲ್ಲ ಅದರಲ್ಲೇ. ಸರಿಂತೆನ್ ಅವರಿಗೆ ಗುಡ್ಡದ ಹಿಂದಿನ ಅಡುಗೆಮನೆಯಲ್ಲಿ ತಟ್ಟೆ ತೊಳೆಯುವ ಕೆಲಸ. ಸಂಬಳ ಈಗಿನಷ್ಟೇ, ಬಿಸಿಲು ಮಳೆ ಇಲ್ಲ. ಆದರೆ ಅಲ್ಲಿಗೆ ರೈಲಿನ ಸದ್ದು ಕೇಳಿಸುವುದಿಲ್ಲ.

ಇದನ್ನು ಹೇಳಿದ್ದು ಮ್ಯಾನೇಜರ್ ಪಾಕ್ ಜಟ್ಮಿಕೊ. ಹಿರಿಯ ಗಂಡಸರನ್ನು ಪಾಕ್, ಹೆಂಗಸರನ್ನು ಬು ಎಂದು ಕರೆಯುವುದು ಇಲ್ಲಿನ ಮರ್ಯಾದೆ. ಕರಾವಳಿಯ ಸೆಮರಾಂಗ್ ಪಟ್ಟಣದವರು, ಮೆತ್ತಗಿನ ಮನುಷ್ಯ. ಹೇಳುವಾಗ ಅವರೇ ಚಹಾ ತರಿಸಿಕೊಟ್ಟಿದ್ದರು.

"ಬು ಸರಿಂತೆನ್, ನಿಮ್ಗೂ ವಯಸ್ಸಾಯ್ತು. ದಿನಾ ಬಗ್ಗಿ ಬಗ್ಗಿ ಸೊಂಟ ಏನಾಗ್ಬೇಕು?"

"ಬಗ್ಗದೆ ಹೋದ್ರೆ ಅದು ಕಡ್ಡಿ ತರ ಆಗ್ಬಿಡತ್ತೆ ಪಾಕ್."

"ತಟ್ಟೆ ತೊಳೆಯೋದು ನಿಂತ್ಕೊಂಡು ಮಾಡೋ ಕೆಲ್ಸ. ಅಲ್ಲೇ ಊಟ ತಿಂಡಿ."

ಸರಿಂತೆನ್ ಚಹಾ ಕುಡಿದು, ಲೋಟ ತೊಳೆದಿಟ್ಟು, ಆಗಲಿ ಎಂದರು. ಅವರ ಕಡೆಯವರು ದೊಡ್ಡವರ ಮುಂದೆ ಇಲ್ಲ ಅನ್ನುವುದಿಲ್ಲ. ಆಗಲಿ ಎಂದು ಹೇಳಿ ಬಂದು, ಮಾರನೇ ಬೆಳಿಗ್ಗೆ ಗೋಣಿಚೀಲ ಹೊತ್ತು ಲೆಸುಸ್‌ನ ಕೆಳಗೆ ಬಂದು ಕೂತರು. ನಾಗಾದಲ್ಲಿ ಸಾಲಿಗೆ ಇಬ್ಬರು, ಲೆಸುಸ್‌ನಲ್ಲಿ ನಾಲ್ವರು. ಕೈಗೆ ಹೊಸ ಲೆಕ್ಕ ಕೂರಬೇಕಲ್ಲ. ತಮಗೆ ಜಾಗವಿಲ್ಲದ ರೈಲಿಗೆ ತಾವು ಯಾಕೆ ತಯಾರಾಗುತ್ತಿದ್ದೇವೆ ಎಂದು ಅವರು ಯಾರಿಗೂ ಹೇಳಲಿಲ್ಲ. ತುಗಿರಾನ್ ಒತ್ತಾಯ ಮಾಡಿ ಕೇಳಿದಾಗ, "ಹೊಸ ಸೊಸೆ ಮನೆಗೆ ಬರ್ತಾಳೆ ಅಂದ್ರೆ ಅವಳ ಕಾಲಿನ ಅಳತೆ ಗೊತ್ತಿರ್ಬೇಕಪ್ಪ," ಎಂದಷ್ಟೇ ಅಂದರು.

ಗೊಂಬೆಗಳನ್ನು ಓಡಿಸಿದ ಆ ಬೆಳಗಾಗಿ ಕೆಲವೇ ದಿನಕ್ಕೆ, ಹೋದ ಭಾನುವಾರ, ಪ್ರಯೋಗದ ಓಟ ಇತ್ತು. ಗೊಂಬೆಗಳ ಸರದಿ ಮುಗಿದು, ಕೆಲಸದವರ ಮನೆಯವರನ್ನೂ ಸುತ್ತಲಿನ ಹಳ್ಳಿಯವರನ್ನೂ ಪುಕ್ಕಟೆಯಾಗಿ ಹತ್ತಿಸುವ ದಿನ. ಮುಂಜಾನೆಯೇ ಜನ ನೆರೆದರು. ಕಟ್ಟೆಗೆ ಹಾಸಿದ ಬಿಳಿ ಹೊಳಪುಗಲ್ಲನ್ನು ಪಾಕ್ ಜಟ್ಮಿಕೊ ಹಿಂದಿನ ಸಂಜೆಯಿಂದ ಒರೆಸಿಸಿ ಒರೆಸಿಸಿ ಕನ್ನಡಿ ಮಾಡಿಸಿದ್ದರು. ಪರಸ್ಥಳದಿಂದ ಬಂದ ಎಂಜಿನಿಯರುಗಳ ಮುಂದೆ ಮಾನ ಹೋಗಬಾರದಲ್ಲ. ಸರಿಂತೆನ್ ಅಂದು ಬೆಳಿಗ್ಗೆಯೇ ಅಡುಗೆಮನೆಗೆ ಹೋಗಿ ತಟ್ಟೆಗೆ ಕೈಹಾಕಿದ್ದರು.

ಮೊದಲು ಬಂದ ಸಂಸಾರ ಮೆಟ್ಟಿಲ ಬುಡದಲ್ಲಿ ಗಕ್ಕನೆ ನಿಂತಿತು. ಮೇಲೆ ಫಳಫಳ ಹೊಳೆಯುವ ಬಿಳಿ ನೆಲ. ಅಂಥ ನೆಲ ಕಂಡರೆ ಈ ಸೀಮೆಯವರ ಕಾಲು ಯಾರನ್ನೂ ಕೇಳದೆ ಚಪ್ಪಲಿ ಕಳಚುತ್ತದೆ. ಮಸೀದಿಗೆ ಹೋದರೂ ಹಾಗೆ, ನೆಂಟರ ಮನೆಗೆ ಹೋದರೂ ಹಾಗೆ. ಆ ಸಂಸಾರ ಕಳಚಿತು, ಅವರ ಹಿಂದಿನವರು ಕಳಚಿದರು, ಅದರ ಹಿಂದಿನವರಿಗೆ ಯೋಚನೆ ಮಾಡುವ ಪ್ರಮೇಯವೇ ಬರಲಿಲ್ಲ. ನೋಡನೋಡುತ್ತಿದ್ದಂತೆ ಮೆಟ್ಟಿಲ ಬುಡದಲ್ಲಿ ಚಪ್ಪಲಿಗಳ ಗುಡ್ಡೆ. ಮೇಲೆ ಲಾಕರುಗಳು ಬಾಯಿ ತೆರೆದುಕೊಂಡು ನಿಂತೇ ಇದ್ದವು. ಅವುಗಳಲ್ಲಿ ಹೆಂಗಸರು ಚೀಲಗಳನ್ನೇನೋ ಇಟ್ಟರು. "ಚಪ್ಪಲೀನೂ ಇದ್ರೊಳಗೇ ಇಡಿ," ಎಂದ ಲಾಕರ್ ನೋಡಿಕೊಳ್ಳುವ ಹುಡುಗಿಗೆ ಒಬ್ಬಾಕೆ ಗದರಿಯೇ ಬಿಟ್ಟಳು: "ನಮಾಜಿನ ಬಟ್ಟೆ ಇಟ್ಟಿದೀನಿ ಕಣೇ, ಅದರ ಪಕ್ಕ ಚಪ್ಪಲಿ ಇಡೋದಾ? ನಿಮ್ಮನೇಲಿ ಹಂಗೇನಾ ಮಾಡೋದು?"

ರೈಲು ಹೋಯಿತು, ಬಂತು. ಇಳಿದವರ ಮುಖದ ಮೇಲೆ ಇನ್ನೂ ಆಕಾಶ ಇತ್ತು. ಲೆಸುಸ್‌ನಲ್ಲಿ ಇಳಿಯುವುದು ಆಚೆ ಬದಿಗೆ. ಆ ಬದಿಯ ಮೆಟ್ಟಿಲಿಳಿದರೆ ನಿನ್ನೆ ಮೊನ್ನೆ ಸುರಿದ ಚೂಪು ಜಲ್ಲಿಯ ದಾರಿ, ಕೊಳವನ್ನು ಪೂರಾ ಬಳಸಿ ಬಂದರೇ ಚಪ್ಪಲಿಯ ಗುಡ್ಡೆ. ಆಕಾಶದಿಂದ ಇಳಿದವರೆಲ್ಲ ಒಂಟಿಕಾಲಲ್ಲಿ ಕುಣಿಯತೊಡಗಿದರು. "ಅಯ್ಯಯ್ಯೋ," "ಹೋಯ್ತು ಕಾಲು," "ನನ್ನ ಎತ್ಕೊಳ್ರೀ," ಎಂದು ಗಂಡಂದಿರ ಬೆನ್ನು ಹತ್ತಿದ ಹೆಂಡಿರು. ಎರಡನೇ ರೈಲಿನವರು ಇಳಿಯಲು ಜಾಗವಿಲ್ಲದೆ ಮೆಟ್ಟಿಲ ಮೇಲೇ ನಿಂತರು. ಮೊಮ್ಮಗನ ಜೊತೆ ಬಂದಿದ್ದ ಮ್ಯಾನೇಜರರ ತಾಯಿ ಆ ಗದ್ದಲದ ನಡುವೆ ಬರಿಗಾಲಲ್ಲಿ ನಿಂತು, ಎಂಜಿನಿಯರುಗಳೆಲ್ಲ ತಿರುಗಿ ನೋಡುವಂತೆ ಕೂಗಿದರು: "ಲೋ ಜಟ್ಮಿಕೊ! ಇಷ್ಟು ದೊಡ್ಡ ಯಂತ್ರ ತಂದಿದೀಯ, ನಿಮ್ಮಮ್ಮನ ಚಪ್ಪಲಿ ಎಲ್ಲೋ?"

ತುಗಿರಾನ್ ಅಡುಗೆಮನೆಗೆ ಓಡಿದ. "ಅಕ್ಕಾ, ಗೊಂಬೆಗಳಿಗೆ ಕಾಲು ಬಂತು! ಬೇಗ ಬಾ!"

ಸಾಬೂನಿನ ನೊರೆ ಮೆತ್ತಿದ ಕೈಯಲ್ಲೇ ಸರಿಂತೆನ್ ಬಂದರು. ಗುಡ್ಡೆಯನ್ನು ನೋಡಿದರು, ಕೊಳದಾಚೆ ಕುಣಿಯುತ್ತಿದ್ದ ಜನರನ್ನು ನೋಡಿದರು. ಮೊದಲು ನಗು ಬಂತು, ನಗುತ್ತಿರುವಾಗಲೇ ಕಣ್ಣು ತುಂಬಿತು. ತಮ್ಮ ಊರಿನ ಕಾಲುಗಳು ತಮ್ಮನ್ನೇ ಕರೆಯುತ್ತಿವೆ ಎಂದು ಅನಿಸಿತಂತೆ. ಆಮೇಲೆ ನೊರೆಯನ್ನು ಉಟ್ಟ ಬಟ್ಟೆಗೇ ಒರೆಸಿಕೊಂಡು, ಕಂಬ ಕಟ್ಟುವಾಗ ಉಳಿದ ಹಲಗೆಗಳು ಎಲ್ಲಿವೆ ಎಂದು ಕೇಳಿದರು.

ಆ ಗುಡ್ಡೆಯಲ್ಲಿ ಯಾರದು ಯಾವುದೆಂದು ಅವರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವರ ಹಾಗೆ ಮಾಡಲೂ ಇಲ್ಲ. ಎಲ್ಲವನ್ನೂ ಹಲಗೆಗಳ ಮೇಲೆ ಹೊರಿಸಿ ಆಚೆ ಬದಿಗೆ ಕಳಿಸಿದರು. ಗೋಡೆಯುದ್ದಕ್ಕೂ ಹರಡಿ, "ನಿಮ್ ನಿಮ್ದು ನೀವೇ ಹುಡುಕ್ಕೊಳಿ, ಪಕ್ಕದವರ ಹೊಸಾದಕ್ಕೆ ಕಾಲು ಹಾಕ್ಬೇಡಿ," ಎಂದರು. ಜನ ನಕ್ಕರು. ಮೂರನೇ ರೈಲಿನ ಹೊತ್ತಿಗೆ ಕಟ್ಟೆಯ ಮೇಲೆ ಎಂಟು ಹಲಗೆ, ಸಾಲಿಗೊಂದು. ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದವರು ಸೀಟಿನಲ್ಲಿ ಕೂತು ಎದುರಿನ ಹಲಗೆಯ ಮೇಲೆ ಬಿಟ್ಟರು. ರೈಲು ಹಳಿಯ ಏರನ್ನು ಹತ್ತುವಷ್ಟರಲ್ಲಿ ಪಾರ್ಕಿನ ತೋಟದ ಕೆಲಸದವರು ಇಬ್ಬಿಬ್ಬರಾಗಿ ಹಲಗೆ ಎತ್ತಿ, ಖಾಲಿಯಾದ ಹಳಿಯನ್ನು ದಾಟಿಸಿ, ಆಚೆ ಬದಿಯ ಮೆಟ್ಟಿಲ ಬುಡದಲ್ಲಿ ಇಳಿಸಿದರು. ಸರಿಂತೆನ್ ಅವನ್ನು ಒಂದರ ಹಿಂದೊಂದು ಜೋಡಿಸಿ, ಸೊಟ್ಟಗಿದ್ದುದನ್ನು ಕಾಲಿನಿಂದ ನೇರ ಮಾಡಿದರು. ಇಳಿದವರು ಜಲ್ಲಿಯ ಮೇಲೆ ಚಪ್ಪಲಿ ಮೆಟ್ಟಿಕೊಂಡು, ಮುಖದ ಮೇಲಿನ ಆಕಾಶ ಚೆಲ್ಲದ ಹಾಗೆ ನಡೆದು ಹೋದರು.

ಸಂಜೆಯ ಮಂಜು ಇಳಿಯುವ ಹೊತ್ತಿಗೆ ಪಾಕ್ ಜಟ್ಮಿಕೊ ಎರಡು ಲೋಟ ಸಿಹಿ ಚಹಾ ಹಿಡಿದು ಬಂದರು. ಅವರ ಕಾಲಲ್ಲೂ ಬೂಟು ಇರಲಿಲ್ಲ.

"ಲಾಕರು ಚೀಲಕ್ಕಿರ್ಲಿ," ಎಂದರು. "ಶನಿವಾರ ಉದ್ಘಾಟನೆ. ನೀವು ಎಲ್ಲಿ ಕೂರ್ತೀರಿ ಹೇಳಿ, ಅಲ್ಲೊಂದು ಸೂರು ಹಾಕಿಸ್ತೀನಿ."

ಸರಿಂತೆನ್ ಜಾಗ ತೋರಿಸುವುದಕ್ಕೆ ಒಂದು ಗಳಿಗೆಯೂ ಯೋಚಿಸಲಿಲ್ಲ. ಇಳಿಯುವ ಮೆಟ್ಟಿಲ ಪಕ್ಕದಲ್ಲೇ ಹಳಿ ತೀರಾ ತಗ್ಗಿಗೆ ಬಂದು ಮತ್ತೆ ಮೇಲೇಳುವ ಒಂದು ಜಾಗವಿದೆ, ಅಲ್ಲಿ ಕೂತರೆ ಸವಾರರ ಬರಿಗಾಲು ನೆತ್ತಿಯ ಮೇಲೇ ಹಾದುಹೋದ ಹಾಗೆ ಕಾಣುತ್ತದೆ. "ಸೂರು ಇಲ್ಲಿಗೆ ಹಾಕಿ," ಎಂದರು. "ಮೇಲ್ಗಡೆ ಮುಚ್ಬೇಡಿ ಮಾತ್ರ."

"ಮುಚ್ದೇ ಇರೋ ಸೂರು ಹೆಂಗಮ್ಮ ಹಾಕೋದು?"

"ಅದು ನಂಗೊತ್ತಿಲ್ಲ. ನೀವು ಓದಿದೋರು."

ಕೊನೆಯ ಓಟಕ್ಕೆ ತುಗಿರಾನ್ ಅವರ ಕೈಹಿಡಿದು ಎಳೆದೊಯ್ದು ಮೊದಲ ಸಾಲಿನಲ್ಲೇ ಕೂರಿಸಿದ. ಬೇಡ ಎನ್ನುತ್ತಲೇ ಕೂತರು. ರೈಲು ಏರನ್ನು ಹತ್ತಿ ಮಂಜಿನೊಳಗೆ ಹೊಕ್ಕಿತು. ಸುತ್ತ ಏನೂ ಇಲ್ಲ, ಬೆಳ್ಳಗೆ, ತಣ್ಣಗೆ. ಕಾಲ್ಬೆರಳುಗಳ ಸಂದಿಯಲ್ಲಿ ಮೋಡ. ಆಮೇಲೆ ಮಂಜು ಸೀಳಿ ಸಿಂದೊರೊ ಒಮ್ಮೆಗೇ ಎದುರಿಗೆ ಬಂತು, ಹೊರಳಿತು, ತಲೆಯ ಮೇಲಾಯಿತು. ಪಕ್ಕದವರು ಕಿರುಚುತ್ತಿದ್ದರು. ತಾವು ಕಿರುಚಿದರೋ ಇಲ್ಲವೋ ಸರಿಂತೆನ್ ಅವರಿಗೆ ನೆನಪಿಲ್ಲ. ತಮ್ಮ ಕಾಲನ್ನೇ ನೋಡುತ್ತಿದ್ದರಂತೆ. ಇಷ್ಟು ವರ್ಷದಲ್ಲಿ ಅಷ್ಟು ಹೊತ್ತು ತಮ್ಮ ಕಾಲನ್ನು ಅವರು ನೋಡಿದ್ದೇ ಇಲ್ಲ.

ಶನಿವಾರಕ್ಕೆ ಊರು ಸಿಂಗಾರವಾಗುತ್ತಿದೆ. ಅರಿಶಿನ ಹಾಕಿದ ಅನ್ನದ ಗೋಪುರ ಕಟ್ಟಿ ಪ್ರಾರ್ಥನೆ ಮಾಡಿಸುವುದಿದೆ, ಮೊದಲ ರೈಲಿಗೆ ಯಾರು ಯಾರು ಎಂಬ ಜಗಳ ಇನ್ನೂ ಮುಗಿದಿಲ್ಲ. ಸರಿಂತೆನ್ ಹಲಗೆಗಳ ಅಂಚನ್ನು ಮರಳುಕಾಗದದಿಂದ ಉಜ್ಜಿ ನುಣುಪು ಮಾಡುತ್ತಿದ್ದಾರೆ, ಯಾರ ಕಾಲಿಗೂ ಸಿಬಿರು ಚುಚ್ಚಬಾರದು. ಮತ್ತೊಮ್ಮೆ ಹತ್ತುವ ಆಸೆ ಇದೆಯೇ ಎಂದರೆ, ಒಂದು ಸಲ ಸಾಕು ಎಂದು ಕೈಯಾಡಿಸುತ್ತಾರೆ. ಹಾಗಾದರೆ ಏನಾಸೆ ಎಂದರೆ ಉಜ್ಜುವುದನ್ನು ನಿಲ್ಲಿಸಿ, ಮೇಲಿನ ಖಾಲಿ ಹಳಿಯ ಕಡೆ ನೋಡುತ್ತಾರೆ.

"ಶನಿವಾರ ರಾತ್ರಿ ಎಲ್ಲಾ ಮನೇಲೂ ಇದೇ ಮಾತು ನಡೆಯತ್ತೆ. ಹಿಂಗೆ ಹಾರಿದ್ವಿ, ಹಂಗೆ ಬಿದ್ವಿ ಅಂತ ಹೇಳ್ಕೊಂಡು ನಗ್ತಾರೆ. ಒಂದು ಮನೇಲೂ ಚಪ್ಪಲಿ ಮಾತು ಬರಬಾರದು. ಬಂತು ಅಂದ್ರೆ ಯಾರದೋ ಕಳೆದ್ಹೋಗಿದೆ ಅಂತ ಅರ್ಥ. ಬರಲಿಲ್ಲ ಅಂದ್ರೆ, ನಾನು ಅಲ್ಲಿದ್ದೆ ಅಂತ."